ಹದಿನೆಂಟು ವರ್ಷ ಬಿಟ್ಟ ಹೊಲಿಗೆಯನ್ನು ಮತ್ತೆ ಹಿಡಿಯುವುದು ಹೇಗೆ?

ಮದುವೆಗೆ ಮೊದಲು ಕಲಿತ ಹೊಲಿಗೆ ಮರೆತುಹೋಗಿದೆ, ಅಮ್ಮನ ಪೆಡಲ್ ಯಂತ್ರ ಅಟ್ಟದ ಮೇಲಿದೆ, ಮನೆಯವರ ಬಟ್ಟೆಯನ್ನಾದರೂ ಹೊಲಿಯುವ ಆಸೆ, ಎಲ್ಲಿಂದ ಶುರುಮಾಡಲಿ ಎಂದು ಕೇಳಿದ್ದೀರಿ. ಹೊಲಿಗೆ ಬಿಚ್ಚುವುದರಿಂದ ಶುರುಮಾಡಿ. ತಮಾಷೆಗೆ ಹೇಳುತ್ತಿಲ್ಲ.

ನಮ್ಮದು ಸಾಗರದ ಹತ್ತಿರ ಅಡಿಕೆ ತೋಟದ ಮನೆ. ಎಸ್ಸೆಸ್ಸೆಲ್ಸಿ ರಜೆಯಲ್ಲಿ ನಾನೂ ಹೊಲಿಗೆ ಕಲಿತಿದ್ದೆ. ಮದುವೆಯಾದ ಮೇಲೆ ಯಂತ್ರದ ಮೇಲೊಂದು ಬಟ್ಟೆ ಹಾಸಿ ಟಿವಿ ಇಟ್ಟರು. ಹದಿನೆಂಟು ವರ್ಷ ಅದು ಟಿವಿ ಸ್ಟ್ಯಾಂಡಾಗಿಯೇ ಇತ್ತು. ಒಂದು ಮಳೆಗಾಲದ ಆರಂಭದಲ್ಲಿ ಸಿಡಿಲಿಗೆ ಟಿವಿ ಸುಟ್ಟುಹೋಯಿತು. ಕೆಳಗಿನ ಯಂತ್ರ ಕಣ್ಣಿಗೆ ಬಿತ್ತು.

ಚಕ್ರ ಅಲುಗಾಡಲಿಲ್ಲ. ಅತ್ತೆ ಯಾವಾಗಲೋ ಅದಕ್ಕೆ ಕೊಬ್ಬರಿ ಎಣ್ಣೆ ಬಿಟ್ಟಿದ್ದರಂತೆ. ಮಲೆನಾಡಿನ ಚಳಿಗೆ ತಲೆಗೆ ಹಚ್ಚುವ ಎಣ್ಣೆಯೇ ಡಬ್ಬದಲ್ಲಿ ಗಟ್ಟಿಯಾಗುತ್ತದೆ, ಯಂತ್ರದೊಳಗೆ ಅದು ಧೂಳಿನೊಂದಿಗೆ ಸೇರಿ ಮೇಣವಾಗಿತ್ತು. ಸೀಮೆಎಣ್ಣೆ ಹನಿಸಿ, ಒಂದು ರಾತ್ರಿ ಬಿಟ್ಟು, ಒರೆಸಿ, ಆಮೇಲೆ ಮಿಷನ್ ಎಣ್ಣೆ ಹಾಕಿದೆ. ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲುಗಳ ಕೆಳಗಿನ ಹಿಂಜಿದ ನೂಲನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆದೆ. ಸಡಿಲವಾಗಿದ್ದ ಚರ್ಮದ ಬೆಲ್ಟನ್ನು ಅರ್ಧ ಇಂಚು ಕತ್ತರಿಸಿ ಮತ್ತೆ ಕೊಂಡಿ ಸಿಕ್ಕಿಸಿದೆ. ಸೂಜಿ ತುಕ್ಕು ಹಿಡಿದಿತ್ತು. ನೀವು ಅಂಗಡಿಗೆ ಹೋದಾಗ ಸಾಮಾನ್ಯ ಹತ್ತಿ ಬಟ್ಟೆಗೆ 14ನೆಯ ನಂಬರ್, ದಪ್ಪ ಬಟ್ಟೆಗೆ 16 ಕೇಳಿ. ಹೊಲಿಗೆಯ ಅಡಿಯಲ್ಲಿ ದಾರ ಗುಂಗುರು ಗುಂಗುರಾಗಿ ಬಂದರೆ ಅಡಿಯ ದಾರ ಸುತ್ತಿದ ಬಾಬಿನ್ನನ್ನು ಬಯ್ಯಬೇಡಿ. ಹೆಚ್ಚಿನ ಸಲ ಮೇಲಿನ ದಾರ ಪೋಣಿಸಿದ್ದೇ ತಪ್ಪಾಗಿರುತ್ತದೆ.

ಮೊದಲು ಕೈಹಾಕಿದ್ದು ಮಾವನವರ ಬಿಳಿ ಅಂಗಿಗೆ. ಮೈಯೆಲ್ಲ ಗಟ್ಟಿಯಿತ್ತು, ಕಾಲರಿನ ಮಡಿಕೆ ಮಾತ್ರ ಕುತ್ತಿಗೆಗೆ ಉಜ್ಜಿ ಉಜ್ಜಿ ಹರಿದಿತ್ತು. ಕಾಲರಿನ ನಡುಮಧ್ಯಕ್ಕೆ ಬಣ್ಣದ ದಾರದಲ್ಲಿ ಒಂದು ಗುರುತಿನ ಹೊಲಿಗೆ ಹಾಕಿಕೊಂಡು, ಕಾಲರನ್ನು ಕುತ್ತಿಗೆಯ ಪಟ್ಟಿಯಿಂದ ಬಿಚ್ಚಿದೆ. ಬ್ಲೇಡಿನಿಂದ ಸರ್ರನೆ ಸೀಳಬೇಡಿ. ಒಂದು ಬದಿಯಲ್ಲಿ ಮೂರು ನಾಲ್ಕು ಹೊಲಿಗೆಗೊಂದರಂತೆ ಕತ್ತರಿಸುತ್ತ ಹೋಗಿ, ಇನ್ನೊಂದು ಬದಿಯ ದಾರ ಎಳೆದರೆ ತಾನಾಗಿಯೇ ಬರುತ್ತದೆ. ಹರಿದ ಮೈ ಅಡಿಗೆ ಬರುವಂತೆ ಕಾಲರನ್ನು ಮಗುಚಿ, ಹಳೆಯ ತೂತುಗಳ ಸಾಲಿನ ಮೇಲೆಯೇ ಮತ್ತೆ ಹೊಲಿದೆ. ಮಾವನವರು ಹಾಕಿಕೊಂಡು ಕನ್ನಡಿಯ ಮುಂದೆ ನಿಂತು, "ಇದು ಯಾವಾಗ ತಂದದ್ದು?" ಎಂದರು. ಆ ಒಂದು ಅಂಗಿ ಬಿಚ್ಚಿ ಕಲಿತಷ್ಟನ್ನು ಮೂರು ತಿಂಗಳ ಕ್ಲಾಸಿನಲ್ಲಿ ಕಲಿತಿರಲಿಲ್ಲ.

ಉಬ್ಬಿಹೋದ ನನಗೆ ನಾದಿನಿಯ ರವಿಕೆ ಬುದ್ಧಿ ಕಲಿಸಿತು. ಸ್ವಲ್ಪ ದೊಗಳೆಯಾಗಿದೆ ಅಂದಳು, ಎರಡೂ ಬದಿಗೆ ಅರ್ಧರ್ಧ ಇಂಚು ಒಳಗೆ ಹೊಲಿದೆ. ತೊಟ್ಟರೆ ಗುಂಡಿ ಹತ್ತಲಿಲ್ಲ. ಒಂದು ಬದಿಯಲ್ಲಿ ಅರ್ಧ ಇಂಚು ಹಿಡಿದರೆ ಮುಂಭಾಗದಲ್ಲಿ ಅರ್ಧ, ಬೆನ್ನಿನಲ್ಲಿ ಅರ್ಧ ಹೋಗುತ್ತದೆ. ಎರಡು ಬದಿಯೂ ಸೇರಿದರೆ ಎರಡು ಇಂಚು! ಸಡಿಲ ಮಾಡುವಾಗಲೂ ಇದೇ ಲೆಕ್ಕ. ಅದಕ್ಕೇ ಒಳ್ಳೆಯ ದರ್ಜಿಗಳು ಒಳಗೆ ಬಟ್ಟೆ ಬಿಟ್ಟು ಎರಡು ಮೂರು ಸಾಲು ಹೊಲಿಗೆ ಹಾಕಿರುತ್ತಾರೆ, ಒಂದು ಸಾಲು ಬಿಚ್ಚಿ ನೋಡಿ.

ಅಭ್ಯಾಸಕ್ಕೆ ದುಡ್ಡು ಕೊಟ್ಟು ಬಟ್ಟೆ ತರಬೇಡಿ. ಅರಿಸಿನ ಕುಂಕುಮಕ್ಕೆ ಹೋದಲ್ಲೆಲ್ಲ ಕೊಟ್ಟ ರವಿಕೆ ಕಣಗಳು ನಿಮ್ಮ ಬೀರುವಿನಲ್ಲೂ ಇರುತ್ತವೆ. ಯಾರೂ ಹೊಲಿಸುವುದಿಲ್ಲ, ಮನೆಯಿಂದ ಮನೆಗೆ ತಿರುಗುತ್ತವೆ. ನಾನು ಕೊಟ್ಟದ್ದೇ ನನಗೆ ವಾಪಸು ಬಂದದ್ದಿದೆ. ಅವುಗಳಲ್ಲಿ ದಿಂಬಿನ ಚೀಲ ಹೊಲಿದೆ, ಅಡಿಕೆ ಸುಲಿಯುವವರಿಗೆ ಕೈಗೆ ತೊಡಲು ಮೊಣಕೈವರೆಗಿನ ತೋಳು ಹೊಲಿದೆ. ಎರಡು ದಿನದಲ್ಲಿ ಅಡಿಕೆಯ ಕರೆ ಹತ್ತಿ ಕಪ್ಪಾಗುವ ಬಟ್ಟೆಯಲ್ಲಿ ಹೊಲಿಗೆ ಸೊಟ್ಟಗಿದೆಯೆಂದು ಯಾರು ನೋಡುತ್ತಾರೆ?

ಮಗಳ ಕುರ್ತಾಕ್ಕೆ ಮಾತ್ರ ಹೆಗ್ಗೋಡಿನ ಚರಕ ಎಂಬ ಮಹಿಳಾ ಸಹಕಾರ ಸಂಘದ ಕೈಮಗ್ಗದ ಬಟ್ಟೆ ತಂದೆ. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನಿಂದಲೂ ಅಲ್ಲಿ ಬಣ್ಣ ಹಾಕುತ್ತಾರೆ. ನಮ್ಮ ಹಂಡೆಯ ಚೊಗರಿನ ಬಣ್ಣವೇ ಮಗಳ ಮೈಮೇಲೆ ಬಂದದ್ದು ನನಗೆ ಖುಷಿ. ಕೈಮಗ್ಗದ ಹತ್ತಿ ಬಟ್ಟೆಯನ್ನು ಕತ್ತರಿಸುವ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿ, ಇಲ್ಲವಾದರೆ ಮೊದಲ ಒಗೆತಕ್ಕೇ ಕುಗ್ಗುತ್ತದೆ. ಇದನ್ನು ಮೇ ತಿಂಗಳೊಳಗೆ ಮುಗಿಸಿಕೊಳ್ಳಿ. ಆಮೇಲೆ ನಮ್ಮ ಕಡೆ ಒಣಗಿಸುವ ಮಾತೇ ಇಲ್ಲ. ಹೊಲಿಯುವುದಕ್ಕೆ ಮಾತ್ರ ಮಳೆಗಾಲವೇ ಸರಿ: ಕರೆಂಟು ಹೋದರೂ ಕಿಟಕಿಯ ಬೆಳಕಿನಲ್ಲಿ ಪೆಡಲ್ ಯಂತ್ರ ಓಡುತ್ತದೆ.

ಹಣ ಉಳಿಯುತ್ತದೆಯೇ ಎಂದೂ ಕೇಳಿದ್ದೀರಿ. ಹೊಸದು ಹೊಲಿದರೆ ಉಳಿಯುವುದಿಲ್ಲ. ಬಟ್ಟೆ, ದಾರ, ಗುಂಡಿ ಸೇರಿಸಿದರೆ ಸಿದ್ಧ ಉಡುಪಿನ ಬೆಲೆಯೇ ಆಗುತ್ತದೆ. ಇದ್ದದ್ದನ್ನು ಸರಿಮಾಡುವುದರಲ್ಲಿ ಖಂಡಿತ ಉಳಿಯುತ್ತದೆ. ಜೀನ್ಸಿನ ಜಿಪ್ಪನ್ನು ನಾನು ಈಗಲೂ ಪೇಟೆಯ ದರ್ಜಿಗೇ ಕೊಡುತ್ತೇನೆ, ಆ ತಾಳ್ಮೆ ನನಗಿಲ್ಲ.

ಅಂದಹಾಗೆ, ಯಂತ್ರ ಇಳಿಸುವಾಗ ತಲೆಯನ್ನು ಸ್ಟ್ಯಾಂಡಿನಿಂದ ಬಿಡಿಸಿ ಬೇರೆಯಾಗಿ ಇಳಿಸಿ, ಕೆಳಗೆ ಹಿಡಿಯಲು ಒಬ್ಬರಿರಲಿ. ಎರಡೂ ಬೀಡುಕಬ್ಬಿಣ, ಅಟ್ಟದ ಏಣಿಯ ಮೇಲೆ ನಿಂತಾಗ ಅದರ ತೂಕ ಗೊತ್ತಾಗುತ್ತದೆ.