ಟಿವಿ ಮೇಲೆ ಲೇಸರ್ ಚುಕ್ಕಿ ಕಾಣದಿದ್ದರೆ ಯಾವ ರಿಮೋಟ್ ಕೊಳ್ಳುವುದು?

ಸ್ಲೈಡ್ ಬದಲಾಯಿಸುವ ರಿಮೋಟ್‌ನ ಕೆಂಪು ಲೇಸರ್ ಚುಕ್ಕಿ ಟಿವಿ ಮೇಲೆ ಕಾಣುತ್ತಿಲ್ಲ, ಹೊಸದು ಯಾವುದು ಕೊಳ್ಳಲಿ ಅಂತ ಕೇಳಿದ್ದೀರಿ. ಚುಕ್ಕಿ ಕಾಣದಿರುವುದು ರಿಮೋಟ್‌ನ ತಪ್ಪಲ್ಲ, ದೊಡ್ಡ ಎಲ್‌ಇಡಿ ಟಿವಿಯದು. ಪ್ರೊಜೆಕ್ಟರ್‌ನ ಬಿಳಿ ಪರದೆ ಬೆಳಕನ್ನು ಎಲ್ಲ ಕಡೆಗೂ ಚೆಲ್ಲುತ್ತದೆ, ಟಿವಿ ಪರದೆ ಅದನ್ನು ಹೆಚ್ಚುಕಡಿಮೆ ನುಂಗಿಬಿಡುತ್ತದೆ. ನಾನೂ ಒಮ್ಮೆ ಬ್ಯಾಟರಿ ಹೋಯ್ತು ಅಂದುಕೊಂಡು ಸುಮ್ನೆ ಎರಡು ಸೆಲ್ ಬದಲಾಯಿಸಿದ್ದೆ.

ಹಸಿರು ಲೇಸರ್ ತಗೊಳ್ಳಲಾ ಅಂತಲೂ ಕೇಳಿದ್ದೀರಿ. ಅಷ್ಟೇ ಶಕ್ತಿಯ ಕೆಂಪಿಗಿಂತ ಹಸಿರು ನಮ್ಮ ಕಣ್ಣಿಗೆ ಜಾಸ್ತಿ ಪ್ರಖರವಾಗಿ ಕಾಣುತ್ತದೆ ನಿಜ, ಪ್ರೊಜೆಕ್ಟರ್ ಇದ್ದರೆ ಧಾರಾಳವಾಗಿ ತಗೊಳ್ಳಿ, ಆದರೆ ಟಿವಿ ಮೇಲೆ ಅದೂ ಮಂಕೇ, ಆನ್‌ಲೈನ್‌ನಲ್ಲಿ ನೋಡುವವರಿಗಂತೂ ಯಾವ ಲೇಸರೂ ಕಾಣುವುದಿಲ್ಲ.

ಹಾಗಾಗಿ ಮೊದಲು ಡಿಜಿಟಲ್ ಪಾಯಿಂಟರ್ ಇರುವ ಮಾಡೆಲ್ ಹುಡುಕಿ. ಅದು ಚುಕ್ಕಿಯನ್ನು ಲ್ಯಾಪ್‌ಟಾಪ್ ಪರದೆಯೊಳಗೇ ಮೂಡಿಸುತ್ತದೆ. ಕೆಲವಕ್ಕೆ ಸಾಫ್ಟ್‌ವೇರ್ ಹಾಕಬೇಕು, ಆಫೀಸ್ ಲ್ಯಾಪ್‌ಟಾಪ್ ಆದರೆ ಅನುಮತಿ ಇದೆಯಾ ಅಂತ ಕೊಳ್ಳುವ ಮುಂಚೆಯೇ ಕೇಳಿಕೊಳ್ಳಿ. ಲೇಸರ್ ಕೂಡ ಬೇಕೇ ಬೇಕು ಅಂದರೆ ಲೇಬಲ್ ಮೇಲೆ ಕ್ಲಾಸ್ 2 (ಲೇಸರ್ ಸುರಕ್ಷತೆಯ ದರ್ಜೆ), 1 ಮಿಲಿವ್ಯಾಟ್‌ಗಿಂತ ಕಡಿಮೆ ಅಂತ ಇರಲಿ. ಜನರ ಕಡೆಗೆ ತಿರುಗಿಸಲೇಬೇಡಿ.

ಹಿಂದಿನ ಸಾಲಿಗೆ ಹೋದರೆ ಸ್ಲೈಡ್ ಬದಲಾಗಲ್ಲ ಅಂದಿರಲ್ಲ, ಅದಕ್ಕೆ ರಿಮೋಟ್‌ನ ಡಾಂಗಲ್ (ಲ್ಯಾಪ್‌ಟಾಪ್‌ಗೆ ಚುಚ್ಚುವ ಪುಟ್ಟ ರಿಸೀವರ್) ಇರುವ ಯುಎಸ್‌ಬಿ 3 ಪೋರ್ಟ್ ಕಾರಣ ಇರಬಹುದು, ನೋಡದೆ ಖಚಿತವಾಗಿ ಹೇಳಲಾರೆ. ಪಕ್ಕದಲ್ಲೇ ಹಾರ್ಡ್ ಡಿಸ್ಕ್ ಚುಚ್ಚಿದ್ದರೆ ರಿಮೋಟ್‌ನ 2.4 ಗಿಗಾಹರ್ಟ್ಸ್ ರೇಡಿಯೊ ಸಿಗ್ನಲ್‌ಗೆ ಅಡ್ಡಿಯಾಗಬಹುದು. ಡಾಂಗಲನ್ನು ಒಂದು ಗೇಣುದ್ದದ ಎಕ್ಸ್‌ಟೆನ್ಶನ್ ಕೇಬಲ್‌ಗೆ ಹಾಕಿ, ಟೇಬಲ್ ಮೇಲಿಟ್ಟು, ಹಿಂದಿನ ಸಾಲಿನಿಂದ ಒತ್ತಿ ನೋಡಿ. ಸರಿಹೋದರೆ ಹಳೆಯದನ್ನೇ ಇಟ್ಟುಕೊಂಡು, ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ಶೋ ನಡೆಯುವಾಗ ಕಂಟ್ರೋಲ್ ಕೀ ಒತ್ತಿ ಹಿಡಿದು ಮೌಸ್‌ನ ಎಡಗುಂಡಿ ಒತ್ತಿದರೆ ಬರುವ ಕೆಂಪು ಚುಕ್ಕಿಯಲ್ಲೇ ಸದ್ಯಕ್ಕೆ ಕೆಲಸ ನಡೆಸಬಹುದು.