ಲಸಿಕೆ ಕಾರ್ಡ್ ಇಲ್ಲದೆ ಬಂದವರಿಗೆ ಮೊದಲು ರಕ್ತಪರೀಕ್ಷೆಯೋ, ಲಸಿಕೆಯೋ?

ಪ್ರಶ್ನೆ: ನಾನು ನಿರಾಶ್ರಿತ ಕುಟುಂಬಗಳ ಜೊತೆ ಕೆಲಸ ಮಾಡುವ ಸ್ವಯಂಸೇವಕಿ. ಹೊಸದಾಗಿ ಬಂದವರಲ್ಲಿ ಹೆಚ್ಚಿನವರ ಹತ್ತಿರ ಲಸಿಕೆ ಕಾರ್ಡೇ ಇಲ್ಲ. ‘ಮಗುವಿಗೆ ದಡಾರ ಆಗಿಹೋಗಿದೆ, ಮತ್ತೆ ಲಸಿಕೆ ಯಾಕೆ?’ ಎಂದು ಕೆಲವು ತಾಯಂದಿರು ಕೇಳುತ್ತಾರೆ. ರಕ್ತಪರೀಕ್ಷೆ ಮಾಡಿಸಿ ನೋಡಬೇಕಾ? ದೊಡ್ಡವರಿಗೂ ಲಸಿಕೆ ಬೇಕಾಗುತ್ತದಾ?

ಉತ್ತರ: ಮಕ್ಕಳ ವಿಷಯದಲ್ಲಿ ಪರೀಕ್ಷೆಗೆ ಕಾಯಬೇಡಿ. ದಾಖಲೆ ಇಲ್ಲ ಅಂದರೆ ಲಸಿಕೆ ಆಗಿಲ್ಲ ಎಂದೇ ತಿಳಿದು ಶುರುಮಾಡುವುದು ವೈದ್ಯರ ಸಾಮಾನ್ಯ ಕ್ರಮ. ತಾಯಿ ಸುಳ್ಳು ಹೇಳುತ್ತಿದ್ದಾಳೆ ಅಂತಲ್ಲ. ಜ್ವರದ ಜೊತೆ ಮೈಮೇಲೆ ಗುಳ್ಳೆ ಏಳುವ ಕಾಯಿಲೆಗಳು ಎಷ್ಟೋ ಇವೆ. ನೋಡಿದ ಕೂಡಲೇ ದಡಾರ ಅಂತ ಹೇಳುವುದು ವೈದ್ಯರಿಗೂ ಕಷ್ಟ. ನಿಜವಾಗಿ ದಡಾರ ಬಂದುಹೋಗಿದ್ದರೂ ಅದರ ಲಸಿಕೆ ಇನ್ನೊಮ್ಮೆ ಹಾಕಿಸಿದರೆ ತೊಂದರೆಯಿಲ್ಲ. ಹಾಕಿಸದೇ ಬಿಟ್ಟರೆ ಅಪಾಯ. ದಡಾರ ತಡೆಯಲು ನೂರಕ್ಕೆ ಸುಮಾರು 95 ಜನರಿಗೆ ರೋಗನಿರೋಧಕ ಶಕ್ತಿ ಇರಬೇಕು. ಇಕ್ಕಟ್ಟಾದ ಶಿಬಿರದಲ್ಲಿ ಅದು ಬೇಗ ಹರಡುತ್ತದೆ. ಅದಕ್ಕೇ ಅಂಥ ಕಡೆ ಮಗುವಿಗೆ 6 ತಿಂಗಳು ತುಂಬಿದಾಗಲೇ ಒಂದು ಹೆಚ್ಚುವರಿ ಡೋಸ್ ಕೊಡುತ್ತಾರೆ. ಅದನ್ನು ಲೆಕ್ಕಕ್ಕೆ ಹಿಡಿಯಬಾರದು, ಮುಂದಿನ ಎರಡು ಡೋಸ್ ಆಗಲೇಬೇಕು.

ದೊಡ್ಡವರನ್ನು ಸುಮಾರು ಕಡೆ ಮರೆತೇಬಿಡುತ್ತಾರೆ. ಇದು ನನಗೆ ತುಂಬಾ ಚಿಂತೆ ತರುವ ವಿಷಯ. ಉಷ್ಣವಲಯದ ದೇಶಗಳಲ್ಲಿ ಚಿಕನ್‌ಪಾಕ್ಸ್ ಚಿಕ್ಕಂದಿನಲ್ಲೇ ಎಲ್ಲರಿಗೂ ಬರುವುದಿಲ್ಲ. ಹಾಗಾಗಿ ಅಲ್ಲಿಂದ ಬಂದ ಯುವಕ ಯುವತಿಯರಲ್ಲಿ ಹಲವರಿಗೆ ಅದರ ವಿರುದ್ಧ ಶಕ್ತಿ ಇರುವುದಿಲ್ಲ. ದೊಡ್ಡವರಾದ ಮೇಲೆ ಬಂದರೆ ನ್ಯುಮೋನಿಯಾ ಆಗುವ ಸಾಧ್ಯತೆ ಜಾಸ್ತಿ. ಇಲ್ಲಿ ರಕ್ತಪರೀಕ್ಷೆ ಉಪಯೋಗಕ್ಕೆ ಬರಬಹುದು.

ರುಬೆಲ್ಲಾ (ಜರ್ಮನ್ ದಡಾರ) ಇನ್ನೊಂದು. ಬಸುರಿಗೆ ಮೊದಲ ಮೂರು ತಿಂಗಳಲ್ಲಿ ಬಂದರೆ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಪೆಟ್ಟು ಬೀಳಬಹುದು. ಆದರೆ ರುಬೆಲ್ಲಾ, ಚಿಕನ್‌ಪಾಕ್ಸ್ ಲಸಿಕೆಗಳನ್ನು ಬಸುರಿಯರಿಗೆ ಕೊಡುವಂತಿಲ್ಲ. ಹಾಕಿಸಿಕೊಂಡವರು ಒಂದು ತಿಂಗಳು ಬಸುರಾಗದಂತೆ ನೋಡಿಕೊಳ್ಳಬೇಕು. ಬಸುರಿಯೇ ಎಂಬುದನ್ನು ಹೆಂಗಸರ ಹತ್ತಿರ ಅವರದೇ ಭಾಷೆ ಬಲ್ಲ ಹೆಂಗಸೊಬ್ಬರ ಮೂಲಕ, ಬೇರೆಯವರ ಮುಂದೆ ಅಲ್ಲದೆ, ಕೇಳಿಸಿ.

ಡಿಫ್ತೀರಿಯಾ (ಗಂಟಲಮಾರಿ), ಧನುರ್ವಾಯು, ಪೋಲಿಯೋ ಲಸಿಕೆಗಳನ್ನೂ ಬಿಡಬೇಡಿ. 2017ರ ಕೊನೆಯಲ್ಲಿ ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನ ರೋಹಿಂಗ್ಯಾ ಶಿಬಿರಗಳಲ್ಲಿ ಡಿಫ್ತೀರಿಯಾ ಸಾವಿರಾರು ಜನರಿಗೆ ಹಬ್ಬಿತ್ತು.

ಪ್ರತಿ ಡೋಸ್ ಆದಮೇಲೂ ಹೊಸ ಕಾರ್ಡ್‌ನಲ್ಲಿ ತಾರೀಕು ಬರೆಸಿ, ಅದರ ಫೋಟೋ ಅವರ ಫೋನಿನಲ್ಲೇ ತೆಗೆದಿಡಿ. ಮುಂದೆ ಬೇರೆ ಊರಿಗೆ ಹೋದರೂ ಮೊದಲಿಂದ ಶುರುಮಾಡಬೇಕಾಗುವುದಿಲ್ಲ.