ಸಣ್ಣ ದ್ವೀಪದ ಬಂದರಿಗೆ ದುಡ್ಡು ಕಡಿಮೆ ಇದ್ದರೆ ಪರಿಸರ ಮೊದಲೋ, ಚಂಡಮಾರುತದ ರಕ್ಷಣೆ ಮೊದಲೋ?

ಈ ಎರಡನ್ನು ನಾನು ಬೇರೆ ಮಾಡುವುದಿಲ್ಲ. ಬಂದರಿನ ಎದುರು ಹವಳದ ದಿಬ್ಬವಿದ್ದರೆ ಮೊದಲ ದುಡ್ಡು ಅದನ್ನು ಉಳಿಸುವುದಕ್ಕೇ ಹೋಗಬೇಕು.

ಅಲೆಯ ಪೆಟ್ಟು ಮೊದಲು ಬೀಳುವುದು ದಿಬ್ಬದ ಮೇಲೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿ 2014ರಲ್ಲಿ ವಿಜ್ಞಾನಿಗಳು ಒಂದು ಲೆಕ್ಕ ಕೊಟ್ಟರು: ಹವಳದ ದಿಬ್ಬ ಅಲೆಯ ಶಕ್ತಿಯನ್ನು ಸರಾಸರಿ ಶೇ 97ರಷ್ಟು ಇಳಿಸುತ್ತದೆ. ಹವಳ ಸತ್ತರೆ ದಿಬ್ಬ ನಿಧಾನಕ್ಕೆ ಸವೆಯುತ್ತದೆ. ಅದರ ಮೇಲಿನ ನೀರು ಆಳವಾಗುತ್ತದೆ. ಆಗ ದೊಡ್ಡ ಅಲೆ ದೂರದಲ್ಲೇ ಒಡೆಯದೆ ಸೀದಾ ಹಡಗು ನಿಲ್ಲುವ ಧಕ್ಕೆಗೆ ಬಂದು ಬಡಿಯುತ್ತದೆ. ಜಗತ್ತಿನ ಸಮುದ್ರಮಟ್ಟ 1901ರಿಂದ 2018ರ ನಡುವೆ ಸುಮಾರು 20 ಸೆಂ.ಮೀ. ಏರಿದೆ, ಏರುವ ವೇಗವೂ ಜಾಸ್ತಿಯಾಗಿದೆ. ಅದರ ಪರಿಣಾಮವೂ ಇದೇ ತಾನೆ?

ಬೇಸರದ ಸಂಗತಿ ಅಂದರೆ, ಎಷ್ಟೋ ಕಡೆ ದಿಬ್ಬಕ್ಕೆ ಬಂದರಿನಿಂದಲೇ ಏಟು. ಹೂಳೆತ್ತುವಾಗ ಏಳುವ ಕೆಸರು ಹವಳದ ಮೇಲೆ ಕೂರುತ್ತದೆ, ಬೆಳಕು ತಡೆಯುತ್ತದೆ. ಹವಳ ಮೊಟ್ಟೆಯಿಡುವ ದಿನಗಳಲ್ಲಿ ಹೂಳೆತ್ತುವುದನ್ನು ನಿಲ್ಲಿಸಿ. ಕೆಸರು ಹರಡದಂತೆ ನೀರಲ್ಲಿ ಪರದೆ ಕಟ್ಟಿಸಿ. ಹಡಗಿನ ಕಸಕ್ಕೆ ದ್ವೀಪದಲ್ಲಿ ಜಾಗ ಇಲ್ಲದಿದ್ದರೆ ಅಕ್ಕಪಕ್ಕದ ದ್ವೀಪಗಳು ಸೇರಿ ವ್ಯವಸ್ಥೆ ಮಾಡಿಕೊಳ್ಳಬಹುದು. ಹಡಗುಗಳಿಂದ ಸಮುದ್ರ ಕೊಳೆಯಾಗುವುದನ್ನು ತಡೆಯುವ ಅಂತರರಾಷ್ಟ್ರೀಯ ಮಾರ್ಪೋಲ್ ನಿಯಮದಲ್ಲೇ ಅದಕ್ಕೆ ಅವಕಾಶವಿದೆ.

ಹವಳವಿಲ್ಲದ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೂ ಇಷ್ಟೇ ಕಾಳಜಿ ಬೇಕು.

ಎರಡನೆಯ ಖರ್ಚು, ಬಿರುಗಾಳಿಯ ನಂತರ ಬಂದರು ಬೇಗ ತೆರೆಯುವುದಕ್ಕೆ. 2017ರಲ್ಲಿ ಮರಿಯಾ ಚಂಡಮಾರುತ ಕೆರಿಬಿಯನ್ ದ್ವೀಪ ಡೊಮಿನಿಕಾಕ್ಕೆ ಹೊಡೆಯಿತು. 2024ರಲ್ಲಿ ಬೆರಿಲ್ ಚಂಡಮಾರುತ ಅಲ್ಲಿಯದೇ ಗ್ರೆನಡಾ ದೇಶದ ಕ್ಯಾರಿಯಾಕೂ ದ್ವೀಪವನ್ನು ನೆಲಸಮ ಮಾಡಿತು. ಇಂಥ ದ್ವೀಪಕ್ಕೆ ಇಂಧನ, ಮನೆಗೆ ಹಾಕುವ ತಗಡು, ಅಕ್ಕಿ ಎಲ್ಲ ಬರಬೇಕಾದದ್ದು ಹಡಗಿನಲ್ಲೇ. ಅದಕ್ಕೇ ವಿದ್ಯುತ್ ಪ್ಯಾನೆಲ್, ಜನರೇಟರ್ ಎಲ್ಲ ನೆರೆ ನೀರು ಮುಟ್ಟದ ಎತ್ತರದಲ್ಲಿರಲಿ. ಹಡಗಿನ ದಾರಿಯಲ್ಲಿ ದೋಣಿಯೋ ಕಂಟೇನರೋ ಮುಳುಗಿದೆಯೇ ಎಂದು ನೋಡದೆ ದೊಡ್ಡ ಹಡಗನ್ನು ಒಳಗೆ ಬಿಡುವಂತಿಲ್ಲ. ಆಳ ಅಳೆಯುವ ಉಪಕರಣ, ದಾರಿ ತೋರಿಸುವ ಹೆಚ್ಚುವರಿ ದೀಪಗಳು ದ್ವೀಪದಲ್ಲೇ ಇರಬೇಕು. ಸೋಲಾರ್ ಒಳ್ಳೆಯದೇ, ಬ್ಯಾಟರಿಯೂ ಇದ್ದರೆ.

ತಡೆಗೋಡೆ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಅದರ ಪ್ಲಾನ್ ಕೈಗೆ ಬಂದಾಗ ಎಂಜಿನಿಯರನ್ನು ಕೇಳಿ: ಯಾವ ಇಸವಿಯ ಸಮುದ್ರಮಟ್ಟ ಹಿಡಿದು ಲೆಕ್ಕ ಹಾಕಿದ್ದೀರಿ? ಎದುರಿನ ದಿಬ್ಬ ಈಗಿನಷ್ಟೇ ಎತ್ತರ ಉಳಿಯುತ್ತದೆ ಅಂದುಕೊಂಡಿದ್ದೀರಾ?